ಕೆಂಪಿಗೆ ಕೆಂಪು ಟೊಪ್ಪಿ

ನಮ್ಮ ನಾಯಿ ಕೆಂಪಿಗೆ ಸಕ್ಕರೆ ಕಾಯಿಲೆ ಇದೆ ಎಂದು ಮೊದಲು ಗೊತ್ತಾದದ್ದು ಇರುವೆಗಳಿಗೆ. 2023ರ ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಬೆಳಗ್ಗೆ ಅಂಗಳ ಗುಡಿಸಲು ಹೋದರೆ, ತುಳಸಿಕಟ್ಟೆಯ ಹಿಂದೆ ಅವಳು ರಾತ್ರಿ ಉಚ್ಚೆ ಹೊಯ್ದಿದ್ದ ಚಿರೇಕಲ್ಲಿನ ಮೇಲೆ ಸಣ್ಣ ಕೆಂಪಿರುವೆಯ ಸಾಲು. ನೀರು ಹಾಕಿ ತೊಳೆದೆ. ಮರುದಿನ ಮತ್ತೆ ಸಾಲು. ಮೂರನೇ ದಿನ ಗಂಡನನ್ನು ಕರೆದು ತೋರಿಸಿದೆ. ಅವರು ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆಯ ಜೊತೆ ಸಂಸಾರ ಮಾಡಿದವರು. ಬಗ್ಗಿ ನೋಡಿ, "ಇವಳೂ ನನ್ನ ಪಾರ್ಟಿಗೆ ಸೇರಿದಳಲ್ಲೇ" ಅಂದರು.

ನಾನು ನಕ್ಕುಬಿಟ್ಟೆ. ನಾಯಿಗೆ ಎಲ್ಲಿಯ ಡಯಾಬಿಟಿಸ್? ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವಳು ನಾನು. ನಾಯಿಗೂ ಮೇದೋಜ್ಜೀರಕ ಗ್ರಂಥಿ ಇದೆ, ಅದೂ ಕೆಡಬಹುದು ಎಂಬುದು ತಲೆಗೇ ಹೋಗಿರಲಿಲ್ಲ. ಆಮೇಲೆ ಓದಿ ತಿಳಿದದ್ದು, ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸಂಹಿತೆಯವರು ಪ್ರಮೇಹದ ಮುನ್ಸೂಚನೆಗಳ ಪಟ್ಟಿಯಲ್ಲೇ ಬರೆದಿಟ್ಟಿದ್ದಾರೆ. ನಮ್ಮ ಅಂಗಳದಲ್ಲಿ ಪುಸ್ತಕವೇ ತೆರೆದುಕೊಂಡು ಬಿದ್ದಿತ್ತು, ನಾನು ಅದರ ಮೇಲೆ ನೀರು ಹೊಯ್ದೆ.

ಬೇರೆ ಗುರುತುಗಳೂ ಇದ್ದವು. ಬಾವಿಕಟ್ಟೆಯ ಹತ್ತಿರ ಅವಳ ನೀರಿನ ಕಲ್ಮರಿಗೆ ದಿನಕ್ಕೆ ಮೂರು ಸಲ ಬರಿದಾಗುತ್ತಿತ್ತು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಒಳಗೆ ಗಲೀಜು ಮಾಡದವಳು ರಾತ್ರಿ ಜಗಲಿಯಲ್ಲೇ ಉಚ್ಚೆ ಮಾಡಿ, ಬೆಳಗ್ಗೆ ಕಿವಿ ಮಡಿಚಿಕೊಂಡು ತಪ್ಪಿತಸ್ಥಳಂತೆ ಕೂತಿರುತ್ತಿದ್ದಳು. ತಟ್ಟೆ ನೆಕ್ಕಿ ಮತ್ತೆ ಕೇಳುತ್ತಿದ್ದಳು, ಆದರೂ ಪಕ್ಕೆಲುಬು ಎಣಿಸುವ ಹಾಗಾಗಿತ್ತು. ನಾನು ವಯಸ್ಸಾಯಿತು ಅಂದುಕೊಂಡೆ. ನೀರು ಜಾಸ್ತಿ, ಉಚ್ಚೆ ಜಾಸ್ತಿ, ಹಸಿವು ಜಾಸ್ತಿ, ತೂಕ ಮಾತ್ರ ಕಮ್ಮಿ. ಈ ನಾಲ್ಕೂ ಒಟ್ಟಿಗೆ ಕಂಡರೆ ವಯಸ್ಸಿನ ಮೇಲೆ ಹಾಕಬೇಡಿ.

ನಮ್ಮೂರು ಮಲ್ಲಾಪುರದಿಂದ ಕಾರವಾರಕ್ಕೆ ಕಾಳಿ ನದಿಯ ದಡ ಹಿಡಿದು ಒಂದು ಗಂಟೆಯ ದಾರಿ. ಬಾಡಿಗೆ ಕಾರು ಮಾಡಿದೆವು. ಪಶುವೈದ್ಯರು ಕಿವಿಯ ಅಂಚಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದರು. ಯಂತ್ರ 412 ತೋರಿಸಿತು. ಖಾಲಿ ಹೊಟ್ಟೆಯಲ್ಲಿರುವ ಆರೋಗ್ಯವಂತ ನಾಯಿಗೆ ಅದು 70ರಿಂದ 120ರ ಆಸುಪಾಸು ಇರಬೇಕು. ರಕ್ತದ ಸಕ್ಕರೆ 200ರ ಹತ್ತಿರ ಬಂತೆಂದರೆ ನಾಯಿಯ ಮೂತ್ರಪಿಂಡಕ್ಕೆ ಅದನ್ನು ತಡೆದಿಡಲು ಆಗುವುದಿಲ್ಲ. ಸಕ್ಕರೆ ಹೊರಗೆ ಚೆಲ್ಲುತ್ತದೆ, ಚೆಲ್ಲುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಕಲ್ಮರಿಗೆ ಯಾಕೆ ಬರಿದಾಗುತ್ತಿತ್ತು ಅನ್ನುವುದು ಆಗ ಹೊಳೆಯಿತು. ರಕ್ತದಲ್ಲಿ ಸಕ್ಕರೆ ತುಂಬಿ ಹರಿಯುತ್ತಿದ್ದರೂ ಇನ್ಸುಲಿನ್ ಇಲ್ಲದೆ ಅದು ಜೀವಕೋಶದ ಒಳಗೆ ಹೋಗದು. ಹೊಳೆಯ ದಡದಲ್ಲಿ ಕೂತು ಬಾಯಾರಿ ಸತ್ತ ಹಾಗೆ.

"ನನ್ನ ಮಾತ್ರೆಯಲ್ಲೇ ಅರ್ಧ ಕೊಟ್ಟರೆ?" ಎಂದು ಗಂಡ ಕೇಳಿದರು. ಡಾಕ್ಟರರು ತಲೆಯಾಡಿಸಿದರು. ಮಧ್ಯವಯಸ್ಸಿನ ಮನುಷ್ಯರಿಗೆ ಬರುವ ಬಗೆಯಲ್ಲಿ ಇನ್ಸುಲಿನ್ ಇದ್ದೂ ದೇಹ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ, ಅಲ್ಲಿ ಮಾತ್ರೆಗೆ ಕೆಲಸವಿದೆ. ನಾಯಿಗಳಲ್ಲಿ ಹೆಚ್ಚಾಗಿ ಇನ್ಸುಲಿನ್ ಮಾಡುವ ಕೋಶಗಳೇ ನಾಶವಾಗಿರುತ್ತವೆ, ಚಿಕ್ಕ ಮಕ್ಕಳಿಗೆ ಬರುವ ಬಗೆಯಂತೆ. ಅದಕ್ಕೆ ಚುಚ್ಚುಮದ್ದೇ ಗತಿ, ದಿನಕ್ಕೆರಡು ಸಲ, ಸಾಯುವವರೆಗೆ. ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಅಮೃತಬಳ್ಳಿ ಎಲ್ಲವೂ ನಮ್ಮ ಜಗಲಿಗೆ ಬಂದು ಹೋದವು, ತಂದವರ ಪ್ರೀತಿಗೆ ನಮಸ್ಕಾರ. ಯಾವುದನ್ನೂ ಇನ್ಸುಲಿನ್‌ನ ಜಾಗದಲ್ಲಿ ಇಡಲಿಲ್ಲ.

ಯಾಕೆ ಬಂತು ಅನ್ನುವುದಕ್ಕೆ ಡಾಕ್ಟರರು ಎರಡು ಪ್ರಶ್ನೆ ಕೇಳಿದರು. ಬೆದೆಗೆ ಬಂದು ಎಷ್ಟು ದಿನವಾಯಿತು? ತುರಿಕೆಗೆ ಎಂದಾದರೂ ಇಂಜೆಕ್ಷನ್ ಹಾಕಿಸಿದ್ದೀರಾ? ಎರಡಕ್ಕೂ ನನ್ನ ಹತ್ತಿರ ಉತ್ತರವಿತ್ತು, ಎರಡೂ ನಾಚಿಕೆಯ ಉತ್ತರ. ಸಂತಾನಹರಣ ಮಾಡಿಸದ ಹೆಣ್ಣು ನಾಯಿಗಳಲ್ಲಿ ಬೆದೆ ಮುಗಿದ ಮೇಲೆ ಎರಡು ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರಿಯೇ ಇರುತ್ತದೆ, ಅದು ಇನ್ಸುಲಿನ್‌ಗೆ ಅಡ್ಡಗಾಲು. ಕೆಂಪಿ ಬೆದೆಗೆ ಬಂದದ್ದು ಅಕ್ಟೋಬರಿನಲ್ಲಿ. ಇನ್ನು ತುರಿಕೆ: ಕರಾವಳಿಯ ಮಳೆಗಾಲದಲ್ಲಿ ನಾಯಿ ಕೆರೆದುಕೊಳ್ಳದೆ ಇರುತ್ತದೆಯೇ? ಎರಡು ವರ್ಷದಿಂದ ಯಾರೋ ಒಬ್ಬರು ಬಂದು 'ಒಂದು ಸೂಜಿ' ಹಾಕಿ ಹೋಗುತ್ತಿದ್ದರು, ಎರಡೇ ದಿನಕ್ಕೆ ತುರಿಕೆ ಮಾಯ. ಅದು ಸ್ಟೀರಾಯ್ಡು ಅಂತ ನಾನು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಪದೇಪದೇ ಕೊಟ್ಟ ಸ್ಟೀರಾಯ್ಡು ಕೂಡ ಇನ್ಸುಲಿನ್‌ನ ಕೆಲಸ ಕೆಡಿಸುತ್ತದೆ. ಜನವರಿಯಲ್ಲಿ ಕೆಂಪಿಗೆ ಆಪರೇಷನ್ ಮಾಡಿಸಿದೆವು. ಏಳು ಯೂನಿಟ್ಟಿಗೆ ಏರಿದ್ದ ಇನ್ಸುಲಿನ್ ಐದಕ್ಕೆ ಇಳಿದು ನಿಂತಿತು. ಹೆಣ್ಣು ನಾಯಿಗೆ ಈ ಕಾಯಿಲೆ ಬಂದರೆ ಆಪರೇಷನ್ ಮುಂದೂಡಬಾರದು. ಮುಂದಿನ ಬೆದೆ ಬಂತೆಂದರೆ ಲೆಕ್ಕವೆಲ್ಲ ಮತ್ತೆ ತಲೆಕೆಳಗು.

ಇನ್ಸುಲಿನ್‌ಗೂ ನಾಯಿಗೂ ಹಳೇ ಋಣ. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ಒಂದು ನಾಯಿಯ ಮೇದೋಜ್ಜೀರಕ ಗ್ರಂಥಿ ತೆಗೆದಾಗಲೇ ಮಧುಮೇಹದ ಮೂಲ ಎಲ್ಲಿದೆ ಎಂದು ಜಗತ್ತಿಗೆ ತಿಳಿದದ್ದು. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಗ್ರಂಥಿಯ ರಸ ಚುಚ್ಚಿ ಬದುಕಿಸಿಕೊಂಡದ್ದೂ ನಾಯಿಗಳನ್ನೇ. ಅದರಲ್ಲಿ ಮಾರ್ಜರಿ ಎಂಬುವಳು ಗ್ರಂಥಿ ಇಲ್ಲದೆ ಸುಮಾರು ಎಪ್ಪತ್ತು ದಿನ ಇದ್ದಳು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಕೊಟ್ಟದ್ದು ಆಮೇಲಿನ ಮಾತು. ಮಾತ್ರೆಯ ಜೊತೆಗೆ ಗಂಡ ದಿನವೂ ಹೊಟ್ಟೆಗೆ ಚುಚ್ಚಿಕೊಳ್ಳುವ ಇನ್ಸುಲಿನ್ ನಾಯಿಗಳ ದಾರಿಯಿಂದ ಬಂದದ್ದು ಅಂತ ಹೇಳಿದಾಗ ಅವರು ಕೆಂಪಿಯ ತಲೆ ಸವರಿದರು. ಇನ್ನೊಂದು ಸೋಜಿಗ: ನಾಯಿಯ ಇನ್ಸುಲಿನ್ನೂ ಹಂದಿಯ ಇನ್ಸುಲಿನ್ನೂ ಅಚ್ಚುಹಾಕಿದಂತೆ ಒಂದೇ. ಮನುಷ್ಯನದಕ್ಕೂ ಅದಕ್ಕೂ 51 ಅಮೈನೋ ಆಮ್ಲಗಳಲ್ಲಿ ಒಂದೇ ಒಂದು ಬೇರೆ. ಅದಕ್ಕೇ ಮನುಷ್ಯರ ಮೆಡಿಕಲ್ ಶಾಪಿನ ಬಾಟಲಿ ಕೆಂಪಿಗೂ ನಡೆಯುತ್ತದೆ.

ಆ ಬಾಟಲಿಯ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಾವು ಎಡವಿದ್ದು ಅಲ್ಲೇ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಹಾಲಿನಂಥ ಇನ್ಸುಲಿನ್ ಬಾಟಲಿಯಲ್ಲಿ ಒಂದು ಮಿಲಿಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಟೊಪ್ಪಿಯ ಸಿರಿಂಜು. ಪೆನ್ನಿಗೆ ಹಾಕುವ ಕಾರ್ಟ್ರಿಡ್ಜ್ ಮತ್ತು ಕೆಲವು ಹೊಸ ಬಗೆಯ ಬಾಟಲಿಗಳಲ್ಲಿ ಒಂದು ಮಿಲಿಗೆ 100 ಯೂನಿಟ್. ಆ ಬಾಟಲಿಗಳಿಗೆ ಕಿತ್ತಳೆ ಟೊಪ್ಪಿಯ ಸಿರಿಂಜು. ಎರಡೂ ಸಿರಿಂಜು ನೋಡಲು ಅಣ್ಣತಮ್ಮ, ಗೆರೆಗಳ ಬೆಲೆ ಬೇರೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಆಗಸ್ಟ್ 7ರ ನಸುಕಿಗೆ ಕಾರವಾರದಲ್ಲಿ ಕಾಳಿಯ ಹಳೇ ಸೇತುವೆ ಬಿತ್ತು. ಆ ಮಳೆಯಲ್ಲಿ ನನಗೆ ಕಾರವಾರಕ್ಕೆ ಹೋಗಲಾಗದೆ ಪರಿಚಯದ ಹುಡುಗನ ಹತ್ತಿರ ಸಿರಿಂಜು ತರಿಸಿದೆ. ಅಂಗಡಿಯಲ್ಲಿ ಕೆಂಪು ಮುಗಿದಿತ್ತಂತೆ, "ಎಲ್ಲ ಒಂದೇ" ಎಂದು ಕಿತ್ತಳೆ ಕೊಟ್ಟು ಕಳಿಸಿದ್ದರು. ನಾನು ಐದನೇ ಗೆರೆಯ ತನಕ ಎಳೆದೆ, ಎಂದಿನಂತೆ. ಆದರೆ ಆ ಸಿರಿಂಜಿನ ಐದು ಗೆರೆಯಲ್ಲಿ ನಮ್ಮ ಬಾಟಲಿಯ ಔಷಧ ಎರಡೇ ಯೂನಿಟ್. ಐದು ದಿನದಲ್ಲಿ ಜಗಲಿ ಮತ್ತೆ ಒದ್ದೆ.

ಅದೂ ಒಂದು ಅದೃಷ್ಟ ಅನ್ನಿ. 100ರ ಬಾಟಲಿಗೆ ಕೆಂಪು ಸಿರಿಂಜು ಹಾಕಿದ್ದರೆ ಐದು ಗೆರೆಗೆ ಹನ್ನೆರಡೂವರೆ ಯೂನಿಟ್ ಹೋಗುತ್ತಿತ್ತು, ನಾಯಿ ಬೆಳಗು ಕಾಣುತ್ತಿರಲಿಲ್ಲ. ಅವತ್ತಿನಿಂದ ಫ್ರಿಜ್ಜಿನ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ: ಕೆಂಪಿಗೆ ಕೆಂಪು ಟೊಪ್ಪಿ. ಗಂಡನ ಪೆನ್ನು ಮೇಲಿನ ಅರೆಯಲ್ಲಿ, ಇವಳ ಬಾಟಲಿ ಬೆಣ್ಣೆ ಡಬ್ಬಿಯಲ್ಲಿ, ಒಂದಕ್ಕೊಂದು ಮುಖ ನೋಡದ ಹಾಗೆ. 10 ಮಿಲಿಯ ಬಾಟಲಿಯಲ್ಲಿ 400 ಯೂನಿಟ್, ದಿನಕ್ಕೆ ಹತ್ತರಂತೆ ನಲವತ್ತು ದಿನ ಬರಬೇಕು. ತೆರೆದು ಒಂದು ತಿಂಗಳಾದ ಮೇಲೆ ಉಳಿದದ್ದನ್ನು ನಾನು ಎಸೆಯುತ್ತೇನೆ. ಗಂಡನಿಗೆ ಇದು ಸರಿಬರುವುದಿಲ್ಲ. ಇನ್ನೂರು ರೂಪಾಯಿಯ ಒಳಗಿನ ಬಾಟಲಿಗೆ ಜಗಳ ಬೇಡ ಎಂದು ಸುಮ್ಮನಾಗುತ್ತೇನೆ, ಎಸೆಯುವುದನ್ನು ಬಿಡುವುದಿಲ್ಲ.

ಚುಚ್ಚುವುದು ಎಲ್ಲರೂ ಹೆದರುವಷ್ಟು ಕಷ್ಟವಲ್ಲ. ಬಾಟಲಿಯನ್ನು ಕುಲುಕಬಾರದು, ಎರಡು ಅಂಗೈ ನಡುವೆ ಇಟ್ಟು ಬತ್ತಿ ಹೊಸೆದಂತೆ ಉರುಳಿಸಬೇಕು, ತಳದ ಬಿಳಿ ಎಲ್ಲ ಬೆರೆಯುವವರೆಗೆ. ಹೆಗಲ ಹಿಂದೆ ಅಥವಾ ಪಕ್ಕೆಯ ಮೇಲೆ ಚರ್ಮವನ್ನು ಡೇರೆಯ ಹಾಗೆ ಎತ್ತಿ ಹಿಡಿದು ಅದರ ಬುಡಕ್ಕೆ ಸೂಜಿ. ನಾನು ಮೊದಲ ದಿನ ಚರ್ಮದ ಈ ಕಡೆ ಚುಚ್ಚಿ ಆ ಕಡೆ ಹೊರಗೆ ಬಂದೆ, ಔಷಧವೆಲ್ಲ ರೋಮದ ಮೇಲೆ. ಆಗ ಇನ್ನೊಮ್ಮೆ ಕೊಡಬೇಕು ಅನ್ನಿಸುತ್ತದೆ. ಕೊಡಬಾರದು. ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲ ಅಂದಮೇಲೆ ಅದು ಹೋಯಿತು ಎಂದೇ ಲೆಕ್ಕ. ಒಂದು ಹೊತ್ತು ತಪ್ಪಿದ್ದಕ್ಕೆ ನಾಯಿ ಸಾಯುವುದಿಲ್ಲ, ಒಂದೇ ಹೊತ್ತಿಗೆ ಎರಡು ಸಲ ಬಿದ್ದರೆ ಸಾಯಬಹುದು. ಗಂಡ ಕೊಟ್ಟರೋ ನಾನು ಕೊಟ್ಟೆನೋ ಎಂಬ ಗೊಂದಲ ಬರದಿರಲಿ ಎಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬೆಳಗ್ಗೆ ಒಂದು ಗೀಟು, ಸಂಜೆ ಒಂದು ಗೀಟು. ದಿನವೂ ಒಂದೇ ಜಾಗಕ್ಕೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟುತ್ತದೆ, ಬೆಳಗ್ಗೆ ಎಡಗಡೆ, ಸಂಜೆ ಬಲಗಡೆ.

ಊಟದ ಮೇಲೆಯೇ ಚುಚ್ಚುವುದು, ಮೊದಲಲ್ಲ. ಇದನ್ನು ನಾನು ಕಲಿತ ರಾತ್ರಿಯ ಕತೆ ಕೇಳಿ. 2024ರ ಮಾರ್ಚ್. ಸಂಜೆ ತೋಟಕ್ಕೆ ಮಂಗಗಳ ಹಿಂಡು ನುಗ್ಗಿತ್ತು, ಕೆಂಪಿ ಅರ್ಧ ಗಂಟೆ ಅವುಗಳ ಹಿಂದೆ ಓಡಿದಳು. ಏಳು ಗಂಟೆಗೆ ತಟ್ಟೆ ಇಟ್ಟರೆ ಎರಡು ಬಾಯಿ ತಿಂದು ಮಲಗಿದಳು. ನಾನು ತಂಗಿಯ ಜೊತೆ ಫೋನಿನಲ್ಲಿದ್ದೆ. ತಟ್ಟೆ ನೋಡದೆ ಐದು ಯೂನಿಟ್ ಪೂರ್ತಿ ಹಾಕಿದೆ. ಹತ್ತು ಗಂಟೆ ಹೊತ್ತಿಗೆ ಅವಳು ಕುಡಿದವರ ಹಾಗೆ ಅಡ್ಡಡ್ಡ ನಡೆಯುತ್ತಿದ್ದಳು. ಗೋಡೆಗೆ ತಲೆ ಒತ್ತಿ ನಿಂತಳು, ಹಿಂಗಾಲು ಕುಸಿಯಿತು, ಮೈ ಅದುರತೊಡಗಿತು, ಹಲ್ಲು ಕಟಕಟ. ಗಂಡ ತಮ್ಮ ಗ್ಲುಕೋಮೀಟರ್ ತಂದು ಕಿವಿಗೆ ಚುಚ್ಚಿದರು. 48.

ಕಪಾಟಿನಲ್ಲಿ ಶಿರಸಿ ಕಡೆಯ ಜೋನಿಬೆಲ್ಲ ಇತ್ತು, ದೋಸೆಗೆಂದು ತಂದದ್ದು. ಬೆರಳು ಅದ್ದಿ, ತುಟಿ ಎತ್ತಿ ಒಸಡಿಗೆ ಉಜ್ಜಿದೆ, ಕೆನ್ನೆಯ ಒಳಗೂ ಉಜ್ಜಿದೆ. ಪ್ರಜ್ಞೆ ಮಸುಕಾದ ಪ್ರಾಣಿಯ ಬಾಯಿಗೆ ನೀರು, ಪಾನಕ ಹೊಯ್ಯಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಒಸಡಿಗೆ ಸವರಿದರೆ ಸಾಕು. ಜೋನಿಬೆಲ್ಲ ಇಲ್ಲದ ಊರಿನಲ್ಲಿ ಜೇನುತುಪ್ಪ, ಗ್ಲುಕೋಸ್ ಪುಡಿ ಕಲಸಿದ್ದು, ಯಾವುದಾದರೂ ಸರಿ. 'ಶುಗರ್ ಫ್ರೀ' ಎಂದು ಬರೆದ ಯಾವುದನ್ನೂ ಮುಟ್ಟಿಸಬೇಡಿ, ಅವುಗಳಲ್ಲಿ ಕೆಲವಕ್ಕೆ ಹಾಕುವ ಜೈಲಿಟಾಲ್ ನಾಯಿಗೆ ವಿಷ. ಹತ್ತು ನಿಮಿಷ ನಾನು ಉಜ್ಜುತ್ತಲೇ ಇದ್ದೆ, ಗಂಡ ಟಾರ್ಚ್ ಹಿಡಿದು ಕೂತಿದ್ದರು, ಕರೆಂಟು ಇತ್ತು, ಆದರೂ ಹಿಡಿದಿದ್ದರು. ಆಮೇಲೆ ಅವಳ ನಾಲಗೆ ತಾನಾಗಿ ಹೊರಗೆ ಬಂದು ನನ್ನ ಬೆರಳು ನೆಕ್ಕಿತು. ಗಂಜಿ ಕಲಸಿ ತಿನ್ನಿಸಿ, ಬೆಳಗಿನವರೆಗೆ ಗಂಟೆಗೊಮ್ಮೆ ರಕ್ತ ನೋಡಿದೆವು. ಆ ಇನ್ಸುಲಿನ್ ಕೊಟ್ಟ ಕೆಲವು ಗಂಟೆಯ ಮೇಲೆ ಜೋರು ಮಾಡುತ್ತದೆ, ಬೆಲ್ಲ ಬೇಗ ಕರಗಿ ಹೋಗುತ್ತದೆ, ಒಮ್ಮೆ ಚೇತರಿಸಿಕೊಂಡಿತೆಂದು ಮಲಗಿದರೆ ಮತ್ತೆ ಬೀಳಬಹುದು. ಡಾಕ್ಟರರು ಮರುದಿನ ಹೇಳಿದ ನಿಯಮ ಈಗ ನಮ್ಮನೆಯ ಶಾಸನ: ತಟ್ಟೆ ಖಾಲಿಯಾಗಿದ್ದರೆ ಪೂರ್ತಿ, ಅರ್ಧ ತಿಂದಿದ್ದರೆ ಅರ್ಧ, ಏನೂ ತಿಂದಿಲ್ಲವೆಂದರೆ ಸೂಜಿ ಇಲ್ಲ, ಫೋನು. ಇದು ಕೆಂಪಿಯ ನಿಯಮ. ನಿಮ್ಮ ಪ್ರಾಣಿಯದನ್ನು ನಿಮ್ಮ ಡಾಕ್ಟರರ ಹತ್ತಿರ ಬರೆಸಿಕೊಳ್ಳಿ.

ಊಟದ ವಿಷಯದಲ್ಲಿ ಜನ ಸಕ್ಕರೆ ಒಂದನ್ನೇ ನೋಡುತ್ತಾರೆ. ಮುಖ್ಯವಾದದ್ದು ಅಳತೆ ಮತ್ತು ಹೊತ್ತು. ಬೆಳಗ್ಗೆ ಏಳಕ್ಕೆ, ಸಂಜೆ ಏಳಕ್ಕೆ, ಒಂದೇ ತೂಕ, ಒಂದೇ ಬಗೆ. ಕುಚ್ಚಲಕ್ಕಿ ಅನ್ನ ಸ್ವಲ್ಪ, ಉಪ್ಪು ಮಸಾಲೆ ಇಲ್ಲದೆ ಬೇಯಿಸಿ ಮುಳ್ಳು ಬಿಡಿಸಿದ ಮೀನು, ಬೀನ್ಸು ಅಥವಾ ಕುಂಬಳಕಾಯಿ. ಈರುಳ್ಳಿ ಬಿದ್ದ ಸಾರು ಇಲ್ಲ. ಕರಿದ ಬಂಗಡೆಯ ಚರ್ಮ ಇಲ್ಲ, ಜಿಡ್ಡು ಮೇದೋಜ್ಜೀರಕ ಗ್ರಂಥಿಗೆ ಉರಿ ಹಚ್ಚುತ್ತದೆ. ತೊಡಕು ಬರುವುದು ಜೂನ್ 1ಕ್ಕೆ. ಅಂದಿನಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್, ಬುಟ್ಟಿ ಹೊತ್ತು ಬರುವವಳು ಬರುವುದಿಲ್ಲ, ಬಂದರೂ ಬೆಲೆ ಕೇಳಿ ನಾವೇ ಹಿಂದೆ ಸರಿಯುತ್ತೇವೆ. ಆ ಎರಡು ತಿಂಗಳಿಗೆ ಮೊಟ್ಟೆಯ ಬಿಳಿ ಮತ್ತು ಕೋಳಿ ಅಂತ ಡಾಕ್ಟರರ ಹತ್ತಿರ ಮೊದಲೇ ಕೇಳಿ, ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತೇವೆ.

ಇನ್ನು ಮೇ ತಿಂಗಳ ಸಂಕಟ. ತಂಗಿಯ ಮನೆ ಅಂಕೋಲೆ. 2023ರಲ್ಲಿ ಜಿಐ ಟ್ಯಾಗ್ ಸಿಕ್ಕ ಅಲ್ಲಿನ ಕರಿ ಇಶಾಡ ಮಾವು ಪ್ರತಿವರ್ಷ ಒಂದು ಪೆಟ್ಟಿಗೆ ಬರುತ್ತದೆ. ಕೆಂಪಿ ಮರಿಯಾಗಿದ್ದಾಗಿನಿಂದ ಗೊರಟು ಅವಳ ಪಾಲು. ಆ ಗೊರಟು ನಿಲ್ಲಿಸಿದ್ದಕ್ಕೆ ಅವಳು ನನ್ನನ್ನು ಕ್ಷಮಿಸಿಲ್ಲ. ಗಂಡನೂ ತಿನ್ನಬಾರದು ಅಲ್ಲವೇ? ಇಬ್ಬರೂ ಪೆಟ್ಟಿಗೆಯ ಸುತ್ತ ಸುಳಿಯುತ್ತಾರೆ. ಅಕ್ಕಪಕ್ಕದ ಮಕ್ಕಳದು ಇನ್ನೊಂದು ಕತೆ: ಬಿಸ್ಕಿಟ್ ಹಾಕಬೇಡಿ ಎಂದು ಹೇಳಿ ಹೇಳಿ ಸೋತು, ಕೊನೆಗೆ ಗೇಟಿಗೆ ಒಂದು ಡಬ್ಬಿ ಕಟ್ಟಿ ಅದರಲ್ಲಿ ಸೌತೆಕಾಯಿ ಹೋಳು ಇಟ್ಟೆ. ಕೊಡುವ ಖುಷಿ ಅವರಿಗೆ, ತಿನ್ನುವ ಖುಷಿ ಇವಳಿಗೆ.

ಮನುಷ್ಯರ ಗ್ಲುಕೋಮೀಟರ್ ನಾಯಿಗೆ ಅಂದಾಜು ತೋರಿಸುತ್ತದೆ, ಅಷ್ಟೇ. ನಮ್ಮ ರಕ್ತದ ಸಕ್ಕರೆಯಲ್ಲಿ ದೊಡ್ಡ ಪಾಲು ಕೆಂಪು ಕಣಗಳ ಒಳಗಿದ್ದರೆ ನಾಯಿಯಲ್ಲಿ ಬಹುಪಾಲು ಹೊರಗಿನ ದ್ರವದಲ್ಲೇ ಇರುವುದರಿಂದ ಯಂತ್ರದ ಲೆಕ್ಕ ತಪ್ಪುತ್ತದೆ, ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೇ ಮಾಡಿದ ಯಂತ್ರಗಳಿವೆ. ತೋಳಿಗೆ ಅಂಟಿಸಿಕೊಳ್ಳುವ, ಹದಿನಾಲ್ಕು ದಿನ ನಡೆಯುವ ಸೆನ್ಸರನ್ನೂ ಒಮ್ಮೆ ಅವಳ ಕತ್ತಿನ ರೋಮ ಬೋಳಿಸಿ ಹಾಕಿಸಿದೆವು. ಗಂಡ ಗಳಿಗೆಗೊಮ್ಮೆ ಮೊಬೈಲ್ ಹಿಡಿದು ಅಂಕ ಓದುತ್ತ ಕ್ರಿಕೆಟ್ಟನ್ನೇ ಮರೆತಿದ್ದರು. ಒಂದು ಅಂಕ ನೋಡಿ ಔಷಧ ಏರಿಸುವುದು ಇಳಿಸುವುದು ಮಾಡಬಾರದು. ಹನ್ನೆರಡು ಗಂಟೆಯ ಉದ್ದಕ್ಕೆ ಎರಡು ಗಂಟೆಗೊಮ್ಮೆ ನೋಡಿ ಬರೆದ ಪಟ್ಟಿ ಡಾಕ್ಟರರಿಗೆ ಬೇಕು. ನನಗೆ ಮಾತ್ರ ಕಲ್ಮರಿಗೆಯೇ ಯಂತ್ರ. ಅದು ಸಂಜೆಗೆ ಅರ್ಧ ಇದ್ದರೆ ನೆಮ್ಮದಿ. ವಾಂತಿ, ಊಟ ಬಿಟ್ಟದ್ದು, ಬಾಯಿಂದ ಉಗುರು ಬಣ್ಣ ತೆಗೆಯುವ ದ್ರವದ ವಾಸನೆ, ಇವು ಕಂಡರೆ ಪಟ್ಟಿ ಬರೆಯುತ್ತ ಕೂರುವ ಹೊತ್ತಲ್ಲ, ಗಾಡಿ ಹತ್ತಿಸುವ ಹೊತ್ತು; ದೇಹ ಸಕ್ಕರೆ ಬಿಟ್ಟು ಕೊಬ್ಬು ಸುಡುತ್ತ ರಕ್ತ ಆಮ್ಲವಾಗುತ್ತಿದೆ ಎಂದು ಅರ್ಥ.

ಮೇಲುಗಡೆ ಕಾಡಿನೊಳಗೆ ಕರೆಂಟು ಮಾಡುವ ಕೈಗಾ ಅಣುಸ್ಥಾವರದ 220 ಮೆಗಾವಾಟಿನ ನಾಲ್ಕು ಘಟಕಗಳಿದ್ದರೂ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದರೆ ಅದರ ನೆರೆಯವರಾದ ನಮ್ಮ ಮನೆಯ ಫ್ರಿಜ್ಜೂ ಸುಮ್ಮನಾಗುತ್ತದೆ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದರೂ ಕೆಟ್ಟಿತು, ಫ್ರೀಜರಿಗೆ ತಾಗಬಾರದು. ಕರೆಂಟು ಹೋದರೆ ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಣ್ಣ ಮಡಕೆಯಲ್ಲಿಟ್ಟು, ಅದನ್ನು ಒದ್ದೆ ಮರಳು ತುಂಬಿದ ದೊಡ್ಡ ಮಡಕೆಯಲ್ಲಿ ಕೂರಿಸುತ್ತೇನೆ. ಮಳೆಗಾಲದ ತಂಪಿನಲ್ಲಿ ಎರಡು ದಿನ ಅದು ಸಾಕಾಗಿದೆ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನ ನೀರು ಬಿಟ್ಟಾಗ ಹೊಳೆಯಂಚಿನ ಮನೆಯವರು ಉಟ್ಟ ಬಟ್ಟೆಯಲ್ಲಿ ಹೊರಟದ್ದನ್ನು ಕಂಡವಳು ನಾನು. ಜೂನ್ ಬಂತೆಂದರೆ ಒಂದು ಚೀಲ ಬಾಗಿಲ ಹಿಂದೆ ತೂಗುತ್ತಿರುತ್ತದೆ: ಹತ್ತು ಕೆಂಪು ಸಿರಿಂಜು, ಜೋನಿಬೆಲ್ಲದ ಸಣ್ಣ ಶೀಶೆ, ಡಾಕ್ಟರರ ಚೀಟಿ, ಅವಳ ಸರಪಳಿ. ಹೆಚ್ಚಿನ ಬಾಟಲಿ ಫ್ರಿಜ್ಜಿನಲ್ಲಿ, ಹೊರಡುವಾಗ ಎತ್ತಿಕೊಳ್ಳಲು.

ಬೆಕ್ಕು ಸಾಕಿದವರು ಇದನ್ನು ಹಾಗೆಯೇ ಅನುಸರಿಸಬೇಡಿ. ಬೆಕ್ಕಿನದು ಹೆಚ್ಚಾಗಿ ನಮ್ಮ ಯಜಮಾನರ ಬಗೆ. ದಪ್ಪಗಾಗಿ, ಮನೆಯೊಳಗೇ ಮಲಗಿರುವ ಗಂಡು ಬೆಕ್ಕುಗಳಿಗೆ ಜಾಸ್ತಿ. ಬೇಗ ಹಿಡಿದು, ಪಿಷ್ಟ ಕಮ್ಮಿ ಇರುವ ಆಹಾರ ಕೊಟ್ಟು ಇನ್ಸುಲಿನ್ ಹಾಕಿದರೆ ಕೆಲವಕ್ಕೆ ತಿಂಗಳುಗಳಲ್ಲಿ ಇನ್ಸುಲಿನ್ನೇ ಬೇಡವಾಗುವುದುಂಟು. ಹಿಂಗಾಲಿನ ಹಿಮ್ಮಡಿ ನೆಲಕ್ಕೂರಿ ನಡೆಯುತ್ತಿದ್ದರೆ ತಡಮಾಡದೆ ತೋರಿಸಿ.

ನಾಯಿಗೆ ಆ ಭಾಗ್ಯ ಅಪರೂಪ, ಅವಕ್ಕೆ ಕಣ್ಣು ಹೋಗುತ್ತದೆ. ಎಷ್ಟು ಚೆನ್ನಾಗಿ ನೋಡಿಕೊಂಡರೂ ಹೆಚ್ಚಿನ ನಾಯಿಗಳಿಗೆ ಒಂದೂವರೆ ವರ್ಷದೊಳಗೆ ಪೊರೆ ಬರುತ್ತದೆ. ಸಕ್ಕರೆ ಕಣ್ಣಿನ ಮಸೂರದೊಳಗೆ ಸಾರ್ಬಿಟಾಲ್ ಆಗಿ ಕೂತು ನೀರು ಎಳೆಯುತ್ತದೆ, ಮಸೂರ ಉಬ್ಬಿ ಹಾಲಿನ ಹಾಗಾಗುತ್ತದೆ. ಆಪರೇಷನ್ ಇದೆ, ದೊಡ್ಡ ಊರುಗಳಲ್ಲಿ. ಕೆಂಪಿಗೂ ಪೊರೆ ಬಂತು, ಹನ್ನೊಂದರ ಮುದುಕಿಗೆ ನಾವು ಮಾಡಿಸಲಿಲ್ಲ. ಬೆಂಚು, ಕುರ್ಚಿ ಇದ್ದಲ್ಲಿಂದ ಕದಲಿಸುವುದಿಲ್ಲ. ಮೆಟ್ಟಿಲ ತುದಿಗೆ ಗೋಣಿತಾಟು ಹಾಸಿದ್ದೇವೆ, ಕಾಲಿಗೆ ಅದು ತಾಗಿದರೆ ನಿಂತು, ಮೂಗಿನಲ್ಲಿ ಗಾಳಿ ಎಳೆದು, ಇಳಿಯುತ್ತಾಳೆ. ಏಳಕ್ಕೆ ಫ್ರಿಜ್ಜಿನ ಬಾಗಿಲು ತೆರೆದ ಸದ್ದಾದರೆ ಎಲ್ಲಿದ್ದರೂ ಬಂದು ಗೋಣಿಯ ಮೇಲೆ ಕೂತು ಎಡಗಡೆಯೋ ಬಲಗಡೆಯೋ, ಆ ಹೊತ್ತಿನ ಪಾಳಿಯ ಪಕ್ಕೆ ತಿರುಗಿಸಿಕೊಡುತ್ತಾಳೆ. ನನಗೇ ಕೆಲವೊಮ್ಮೆ ಮರೆಯುತ್ತದೆ, ಅವಳಿಗಿಲ್ಲ.

ಬರುವ ಮೇ ತಿಂಗಳಲ್ಲಿ ಅಂಕೋಲೆಯಲ್ಲಿ ತಂಗಿಯ ಮಗಳ ಮದುವೆ. ಮುಹೂರ್ತ ಹನ್ನೆರಡೂವರೆಗೆ. ಸೂಜಿ ಹಾಕಿ ಏಳೂವರೆಯ ಗಾಡಿಗೆ ಹೊರಟರೆ ಸಿಗುತ್ತದೆ. ವಾಪಸು ಕಾರವಾರದಲ್ಲಿ ಬಸ್ಸು ಬದಲಿಸಿ ಏಳರೊಳಗೆ ಮನೆ ಮುಟ್ಟಬೇಕೆಂದರೆ ಮೂರೂವರೆಗೆ ಮಂಟಪ ಬಿಡಬೇಕು. "ಒಂದು ದಿನಕ್ಕೆ ಏನಾಗುತ್ತದೆ ಅಕ್ಕಾ, ರಾತ್ರಿ ಉಳಿ" ಎಂದು ತಂಗಿ ಸಿಟ್ಟು ಮಾಡಿದ್ದಾಳೆ. ಗಂಡ ಮೊದಲ ಪಂಕ್ತಿಗೇ ಕೂರುತ್ತಾರಂತೆ, ಹೋಳಿಗೆ ಒಂದೇ ಎಂದು ಈಗಲೇ ಮಾತು ಕೊಟ್ಟಿದ್ದಾರೆ.